ಹೋಗುವ ಊರಿನ ರೂಪಾಯಿ

ಗದಗಿನಿಂದ ಕೋಲ್ಕತ್ತಕ್ಕೆ ಎಲ್ಲಿಯೂ ಇಳಿದು ಹತ್ತದೆ ಒಂದೇ ರೈಲಿನಲ್ಲಿ ಹೋಗಬಹುದು ಎಂದರೆ ನಮ್ಮೂರಿನವರೇ ಹಲವರು ನಂಬುವುದಿಲ್ಲ. ವಾಸ್ಕೋದಿಂದ ಹೊರಡುವ ರೈಲೊಂದು ಹುಬ್ಬಳ್ಳಿ ಮುಟ್ಟಿ, ನಮ್ಮಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತು, ಬಳ್ಳಾರಿ, ಗುಂತಕಲ್ಲು, ವಿಜಯವಾಡ ಎಂದುಕೊಂಡು ಹೂಗ್ಲಿ ನದಿಯ ಪಕ್ಕದ ಶಾಲಿಮಾರ್ ಸ್ಟೇಷನ್ನಿನಲ್ಲಿ ತಂದು ಇಳಿಸುತ್ತದೆ. ಎ.ಸಿ. ಬೋಗಿಗೆ ಎರಡು ಸಾವಿರದ ಮೇಲೆ ಚಿಲ್ಲರೆ. ಊಟ ಅವರವರ ಪುಣ್ಯ. ನಾನು ಪುಣ್ಯ ನಂಬುವವಳಲ್ಲ, ಆದ್ದರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಕಟ್ಟಿಕೊಂಡೇ ಹೊರಟೆ.

ಅದು ಜನವರಿಯ ಒಂದು ಮಧ್ಯಾಹ್ನ. ಸೂಟ್‌ಕೇಸು, ರೊಟ್ಟಿಯ ಗಂಟು, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದ ತಳದಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿನ ತುಂಡು, ಅದರೊಳಗೆ ಬೆರಳುದ್ದದ ಒಂದು ಉಕ್ಕಿನ ಉಳಿ. ಉಳಿಯ ತುದಿಯಲ್ಲಿ ಕಡಲೆಬೇಳೆಯಷ್ಟು ಅಗಲದ, ಐದೆಸಳಿನ ಹೂವೊಂದು ಉಬ್ಬಾಗಿ ಕೆತ್ತಿದೆ. ನಮ್ಮ ಮನೆಯಲ್ಲಿ ಅದಕ್ಕೆ ಠಸ್ಸೆ ಉಳಿ ಎನ್ನುತ್ತಿದ್ದರು.

ನಮ್ಮದು ಚಿನಿವಾರರ ಮನೆತನ. ಈಗಿನವರಿಗೆ ಚಿನಿವಾರ ಎಂದರೆ ಪತ್ರಿಕೆಯ ಮೂಲೆಯಲ್ಲಿ ಬರುವ ಬಂಗಾರದ ದರ ಅಷ್ಟೇ. ಬೆಳ್ಳಿ ರೂಪಾಯಿಯ ಕಾಲದಲ್ಲಿ ಹಾಗಿರಲಿಲ್ಲ. ರೂಪಾಯಿ ಟಂಕಸಾಲೆಯಿಂದ ಹೊರಬಿದ್ದ ಮೇಲೆ ಊರೂರು ತಿರುಗುತ್ತಿತ್ತು. ಯಾರೋ ಅದರ ಅಂಚು ಕೆರೆಯುತ್ತಿದ್ದರು, ಯಾರೋ ಒಳಗೆ ಸೀಸ ತುಂಬುತ್ತಿದ್ದರು. ಚಿನಿವಾರ ಅದನ್ನು ತೂಗಿ, ಕಲ್ಲಿನ ಮೇಲೆ ಚಿಮ್ಮಿ ನಾದ ಕೇಳಿ, ಸಾಚಾ ಎನಿಸಿದರೆ ತನ್ನ ಗುರುತಿನ ಠಸ್ಸೆ ಹೊಡೆಯುತ್ತಿದ್ದ. ಇದನ್ನು ನಾನು ಪರೀಕ್ಷಿಸಿದ್ದೇನೆ, ಯಾವಾಗ ತಂದರೂ ತಕರಾರಿಲ್ಲದೆ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅದರ ಅರ್ಥ. ನಮ್ಮಜ್ಜಿ ಅಂಥವನ್ನು ಹಚ್ಚೆ ರೂಪಾಯಿ ಎಂದು ಕರೆಯುತ್ತಿದ್ದಳು.

ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ ನಮ್ಮ ಹಿರಿಯರು ಯಾರೋ ಈ ಪದ್ಧತಿಯನ್ನು ಹೆಣ್ಣುಮಕ್ಕಳಿಗೂ ತಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಿದ್ದಾಗ, ನಮ್ಮ ಮನೆಯಲ್ಲಿ ಮದುವೆಗೆ ಮುಂಚೆ ಮಗಳ ಕೈಗೆ ಒಂದು ಬೆಳ್ಳಿ ರೂಪಾಯಿ ಕೊಡುತ್ತಿದ್ದರು. ಅದು ಅವಳು ಹೋಗುವ ಊರಿನ ಕಡೆಯ ರೂಪಾಯಿ ಆಗಿರಬೇಕು, ಅದರ ಮೇಲೆ ತವರಿನ ಠಸ್ಸೆ ಬಿದ್ದಿರಬೇಕು. ಗಂಡನ ಮನೆ ಸಾಕಾದ ದಿನ ಅದನ್ನು ಹಿಡಿದುಕೊಂಡು ಬಂದರೆ ಆಯಿತು. ಮೊದಲು ಊಟ ಹಾಕಬೇಕು, ಯಾಕೆ ಬಂದಿ ಎಂದು ಯಾರೂ ಬಾಯಿ ಬಿಡುವಂತಿಲ್ಲ. ಠಸ್ಸೆ ಹೊಡೆಯುವವರು ಯಾರು ಎನ್ನುವುದಕ್ಕೂ ನಿಯಮವಿತ್ತು. ಬಾಗಿಲು ತೆಗೆಯುವವರು ಯಾರೋ ಅವರೇ ಹೊಡೆಯಬೇಕು. ಅಪ್ಪ ಅಂಗಡಿಯಲ್ಲಿರುತ್ತಿದ್ದ, ಬಾಗಿಲು ತೆಗೆಯುವವಳು ಅವ್ವ. ಹಾಗಾಗಿ ನನ್ನ ತಂಗಿ ಶಾಂತಾಳ ಮದುವೆಯಲ್ಲಿ ಸುತ್ತಿಗೆ ಹಿಡಿದವಳು ಅವ್ವನೇ.

ಆ ಶಾಂತಾ ರೈಲ್ವೆ ನೌಕರನನ್ನು ಮದುವೆಯಾಗಿ ಕೋಲ್ಕತ್ತ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಅಪ್ಪ ಅವ್ವ ಈಗಿಲ್ಲ. ಸರಾಫ ಬಜಾರದ ಅಂಗಡಿ, ಅದರ ಹಿಂದಿನ ಮನೆ ಎರಡನ್ನೂ ಹೋದ ವರ್ಷ ಅಣ್ಣ ಮಾರಿದ. ಅವನನ್ನು ಬಯ್ಯಲಾರೆ, ಹಿಂದಿನ ಗೋಡೆ ಕುಸಿದು ವರ್ಷವೇ ಆಗಿತ್ತು. ಅಲ್ಲೀಗ ಮೊಬೈಲ್ ಮಾರುತ್ತಾರೆ. ನಾನು ಮದುವೆಯಾಗದೆ ಅದೇ ಮನೆಯಲ್ಲಿದ್ದು, ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಈಗ ಮುಳಗುಂದ ನಾಕಾದ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇನೆ. ಶಾಂತಾಳ ಒಬ್ಬಳೇ ಮಗಳು ಮೇಘಾಳ ಮದುವೆ ಒಬ್ಬ ಬಂಗಾಳಿ ಹುಡುಗನ ಜೊತೆ ಗೊತ್ತಾದಾಗ ಶಾಂತಾ ಫೋನಿನಲ್ಲಿ ಹೇಳಿದ್ದಳು: "ಮೇಘಾಗ ಠಸ್ಸಿ ಹಾಕಾಕ ಬರಂಗಿಲ್ಲ ಬಿಡು ಅಕ್ಕಾ. ಬಾಗಲಾನ ಇಲ್ಲಲ್ಲ ಈಗ." ಆ ಮಾತು ನನಗೆ ನಾಟಿತು. ಠಸ್ಸೆ ಉಳಿಯನ್ನು ಬಾಡಿಗೆ ಮನೆಯ ಅಟ್ಟದಿಂದ ಇಳಿಸಿ, ಟಿಕೆಟ್ಟು ತೆಗೆದೆ. ಬಾಗಿಲಿಲ್ಲದ ಮನೆಯ ಠಸ್ಸೆಗೆ ಬೆಲೆ ಇದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಇದೆ ಎಂದು ಅವಳಿಗೆ ತೋರಿಸಬೇಕೆಂಬ ಹಟ ಮಾತ್ರ ಇತ್ತು.

ರೈಲಿನಲ್ಲಿ ಎದುರಿನ ಸೀಟಿಗೆ ಬಳ್ಳಾರಿಯಲ್ಲಿ ಒಬ್ಬ ಹೆಂಗಸು ಹತ್ತಿದಳು. ನನ್ನ ರೊಟ್ಟಿಯ ಗಂಟು ನೋಡಿ, "ತವರಮನಿಗೇನ್ರಿ?" ಎಂದು ಕೇಳಿದಳು. ಇಲ್ಲ, ತಂಗಿಯ ಮನೆಗೆ ಎಂದೆ. ಆಕೆ ಗುಂತಕಲ್ಲು ದಾಟುವಷ್ಟರಲ್ಲಿ ನನ್ನ ಅರ್ಧ ಚಟ್ನಿಪುಡಿ ತಿಂದು ಮಲಗಿಬಿಟ್ಟಳು. ನಾನು ಕಿಟಕಿಗೆ ತಲೆಯಾನಿಸಿ ಅವಳ ಪ್ರಶ್ನೆಯನ್ನೇ ಮೆಲುಕು ಹಾಕಿದೆ. ತವರು ಎನ್ನುವುದು ಬಿಟ್ಟುಹೋದವರಿಗೆ ಮಾತ್ರ ಇರುವಂಥದ್ದು. ಬಿಡದೆ ಅಲ್ಲೇ ಉಳಿದವಳಿಗೆ ಅದು ಬರೀ ಮನೆ. ಆ ಮನೆಯೂ ಹೋದ ಮೇಲೆ ಅವಳಿಗೆ ಉಳಿಯುವುದಕ್ಕೆ ಹೆಸರೇ ಇಲ್ಲ. ಇದನ್ನು ದುಃಖದಿಂದ ಹೇಳುತ್ತಿಲ್ಲ, ರೈಲಿನಲ್ಲಿ ಕೂತರೆ ನನಗೆ ಇಂಥವೇ ಹೊಳೆಯುತ್ತವೆ.

ಮರುದಿನವೆಲ್ಲ ಆಂಧ್ರದ ಗದ್ದೆಗಳು, ತಾಳೆಮರಗಳು, ಗೋದಾವರಿಯ ಮೇಲೆ ಮುಗಿಯದ ಸೇತುವೆ. ಸರಿಯಾದ ಹೊತ್ತಿಗೆ ಹೋಗಿದ್ದರೆ ಅಂದೇ ರಾತ್ರಿ ಇಳಿಯಬೇಕಿತ್ತು. ಒಡಿಶಾದಲ್ಲಿ ಮಂಜು ಕವಿದು ರೈಲು ಎಲ್ಲೋ ನಿಂತಿತು. ಕಿಟಕಿಯಾಚೆ ಮರವೂ ಇಲ್ಲ, ಊರೂ ಇಲ್ಲ, ಹಾಲಿನಲ್ಲಿ ಅದ್ದಿದಂಥ ಬಿಳುಪು. ಎಚ್ಚರವೋ ನಿದ್ದೆಯೋ ತಿಳಿಯದ ಹೊತ್ತಿನಲ್ಲಿ ನನಗೆ ಕನಸು ಬಿತ್ತು. ಒಂದೊಂದು ಸ್ಟೇಷನ್ನಿನಲ್ಲೂ ಯಾರೋ ಕಿಟಕಿಯಿಂದ ಕೈ ತೂರಿಸಿ ನನ್ನ ಮುಂಗೈ ಮೇಲೆ ಒಂದೊಂದು ಠಸ್ಸೆ ಒತ್ತಿ ಹೋಗುತ್ತಿದ್ದರು. ಬಳ್ಳಾರಿಯವರು ಒಂದು ಚುಕ್ಕಿ, ರಾಜಮಂಡ್ರಿಯವರು ಒಂದು ಮೀನು, ಹೆಸರಿಲ್ಲದ ಯಾವುದೋ ಊರಿನವರು ಅರ್ಧಚಂದ್ರ. ಒಂದೂ ನೋಯಲಿಲ್ಲ. ಕಣ್ಣು ಬಿಟ್ಟರೆ ಬೆಳಗಾಗಿತ್ತು, ರೈಲು ಕೊಳಗಳ ನಡುವೆ ನಿಧಾನಕ್ಕೆ ಹೋಗುತ್ತಿತ್ತು.

ಶಾಲಿಮಾರಿನಲ್ಲಿ ಮೇಘಾ ಕಾಯುತ್ತಿದ್ದಳು. ಅವಳು ವಿಶ್ವವಿದ್ಯಾಲಯದಲ್ಲಿ ನದಿಯ ಹೂಳಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಮೂರು ಭಾಷೆ ಒಟ್ಟಿಗೆ ಬರುತ್ತವೆ. ಟ್ಯಾಕ್ಸಿ ದೊಡ್ಡ ಸೇತುವೆ ಹತ್ತಿದಾಗ ನದಿ ಕಾಣಲಿಲ್ಲ, ಮಂಜೊಂದೇ ಕಂಡಿತು. ನದಿ ಇದೆ ದೊಡ್ಡವ್ವ, ಟ್ರಸ್ಟ್ ಮಿ, ಎಂದಳು. ನಂಬಿದೆ.

ಬಾಲಿಗಂಜಿನಲ್ಲಿ ಶಾಂತಾಳದು ಮೂರನೆಯ ಮಹಡಿ. ಕೆಂಪು ಗಾರೆಯ ನೆಲ, ಹಸಿರು ಬಣ್ಣದ ಪಟ್ಟಿ ಬಾಗಿಲುಗಳ ಕಿಟಕಿ, ಕೆಳಗೆ ಮೀನಿನವಳ ಕೂಗು. ಬಾಗಿಲು ತೆಗೆದ ಶಾಂತಾ ನನ್ನನ್ನು ತಬ್ಬಿಕೊಂಡು, ಮೊದಲು ತೂಕ ಇಳಿದೀ ಎಂದು ಬೈದು, ಆಮೇಲೆ ಅತ್ತಳು. ಅವಳ ಗಂಡ ಡ್ಯೂಟಿಯ ಮೇಲೆ ಅಸನ್ಸೋಲಿಗೆ ಹೋಗಿದ್ದರು. ಚಳಿಗಾಲದ ಖರ್ಜೂರದ ಬೆಲ್ಲ ಹಾಕಿದ ಸಂದೇಶ್ ಮಿಠಾಯಿ ತಂದಿಟ್ಟಳು. ನಮ್ಮ ಧಾರವಾಡ ಪೇಡೆಯ ಮರ್ಯಾದೆಗಾಗಿ ಒಂದೇ ಸಾಕು ಎಂದವಳು ನಾಲ್ಕು ತಿಂದೆ.

ಊಟವಾದ ಮೇಲೆ ಉಳಿಯನ್ನು ತೆಗೆದು ನೆಲದ ಮೇಲಿಟ್ಟೆ. ಶಾಂತಾ ಅದನ್ನು ಮುಟ್ಟಲಿಲ್ಲ. ಅವ್ವ ಹೇಗೆ ಹೊಡೆದಿದ್ದಳು, ಯಾವ ಮಗ್ಗುಲಿಗೆ ಹೊಡೆದಿದ್ದಳು ನೋಡಬೇಕು, ನಿನ್ನ ರೂಪಾಯಿ ತಾ ಎಂದೆ. ಅದು ಬ್ಯಾಂಕಿನ ಲಾಕರಿನಲ್ಲಿದೆ ಎಂದಳು. ಹಾಗೆನ್ನುತ್ತ ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ಇವಳು ಚಿಕ್ಕಂದಿನಿಂದಲೂ. ರೂಪಾಯಿ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಮಾರಿದಳೇ? ಅಂಥ ಕಷ್ಟ ಯಾವಾಗ ಬಂದಿತ್ತು? ಬಂದಿದ್ದರೆ ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಯಾಕೆ ಬರಲಿಲ್ಲ? ನಮ್ಮ ಮೇಲೆ ಅಷ್ಟು ನಂಬಿಕೆ ಇರಲಿಲ್ಲವೇ ಎಂದು ಸಂಕಟವಾಯಿತು. ಕೇಳಲಿಲ್ಲ. ಕೇಳಬಾರದೆಂಬುದೇ ತಾನೇ ನಮ್ಮ ಮನೆಯ ನಿಯಮ.

ಮರುದಿನ ಮೇಘಾಳೂ ನಾನೂ ರೂಪಾಯಿ ಹುಡುಕಲು ಹೊರಟೆವು. ಅವಳು ಹೋಗುವ ಮನೆ ಉತ್ತರ ಕೋಲ್ಕತ್ತದಲ್ಲಿ, ಹಾಗಾಗಿ ಕೋಲ್ಕತ್ತದ್ದೇ ರೂಪಾಯಿ ಬೇಕು. ಠಸ್ಸೆ ಕೂರುವಷ್ಟು ಖಾಲಿ ಜಾಗವೂ ಅದರ ಮೇಲಿರಬೇಕು ಎಂದು ಉಳಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಬಾಲಿಗಂಜಿನಿಂದ ಲೋಕಲ್ ರೈಲಿನಲ್ಲಿ ಸಿಯಾಲ್ದಾಕ್ಕೆ ಐದು ರೂಪಾಯಿ. ಹತ್ತುವ ಶ್ರಮ ನಮ್ಮದಲ್ಲ, ಜನವೇ ಹತ್ತಿಸಿ ಜನವೇ ಇಳಿಸಿದರು. ಸಿಯಾಲ್ದಾದಲ್ಲಿ ಮೆಟ್ರೊ ಹತ್ತಬೇಕೆಂದರೆ ಚೀಲಗಳನ್ನು ಯಂತ್ರದೊಳಗೆ ತೂರಿಸಬೇಕು. ನನ್ನ ಚೀಲ ಆಚೆ ಬರಲಿಲ್ಲ. ಸಮವಸ್ತ್ರದವನೊಬ್ಬ ಉಳಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಏನು ಮಾಸಿಮಾ ಇದು ಎಂದು ಹಿಂದಿಯಲ್ಲಿ ಕೇಳಿದ.

ನಾನು ನಮ್ಮ ಮನೆತನದ ಇತಿಹಾಸವನ್ನು ನನ್ನ ಹೈಸ್ಕೂಲು ಹಿಂದಿಯಲ್ಲಿ ಶುರುಮಾಡಿದೆ. ಮೇಘಾ ನನ್ನನ್ನು ಬದಿಗೆ ಸರಿಸಿ ಬಂಗಾಳಿಯಲ್ಲಿ ಒಂದೇ ಮಾತು ಹೇಳಿದಳು, ಮದುವೆಯ ಸಾಮಾನು. ಅವನ ಮುಖವೇ ಬದಲಾಯಿತು. ಇಲ್ಲಿ ಮದುಮಗ ಅಡಕತ್ತರಿ ಹಿಡಿದುಕೊಂಡು ಓಡಾಡುತ್ತಾನಂತೆ, ಮದುಮಗಳು ಕಬ್ಬಿಣದ ಕಾಡಿಗೆ ಡಬ್ಬಿ ಹಿಡಿದಿರುತ್ತಾಳಂತೆ. ಮದುವೆ ಮನೆಯ ಕಬ್ಬಿಣಕ್ಕೆ ಈ ಊರಿನಲ್ಲಿ ಮಾಫಿ ಇದೆ. ಅವನು ಉಳಿಯನ್ನು ಮತ್ತೆ ಸೆರಗಿನ ತುಂಡಿನಲ್ಲಿ ಸುತ್ತಿ ಕೊಟ್ಟು, ಮದುಮಗಳಿಗೆ ಶುಭವಾಗಲಿ ಎಂದ.

ಬಿಬಿಡಿ ಬಾಗ್‌ನ ದೊಡ್ಡ ಕಚೇರಿಗಳ ಹಿಂದಿನ ಒಂದು ಓಣಿಯಲ್ಲಿ, ಮರದ ಮೆಟ್ಟಿಲು ಹತ್ತಿ ಹೋದರೆ ಹಳೆಯ ನಾಣ್ಯಗಳ ಅಂಗಡಿ. ದತ್ತ ಬಾಬು ಎಂಬ ಹಿರಿಯರು ಶಾಲು ಹೊದ್ದು, ಮಂಗನ ಟೋಪಿ ಹಾಕಿ ಕೂತಿದ್ದರು. ನಮ್ಮೂರಿನವರು ಫ್ಯಾನ್ ಹಾಕಿಕೊಳ್ಳುವಂಥ ಹವೆ ಅದು. ಬಂಗಾಳದ ಹಳೆಯ ಬೆಳ್ಳಿ ರೂಪಾಯಿ ಬೇಕು ಎಂದೆವು. ಮಕಮಲ್ಲಿನ ಮೇಲೆ ಥಳಥಳಿಸುವ ನಾಣ್ಯಗಳನ್ನು ಸಾಲಾಗಿಟ್ಟು, ನೋಡಿ ಒಂದೂ ಕಲೆ ಇಲ್ಲ, ಟಂಕಸಾಲೆಯಿಂದ ಬಂದ ಹಾಗೇ ಇವೆ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಅವುಗಳ ಮೇಲೆ ಮನಸ್ಸು ಹೋಗಲಿಲ್ಲ. ಯಾರ ಕೈಗೂ ಹೋಗದ ರೂಪಾಯಿಯನ್ನು ನಮ್ಮಪ್ಪ ರೂಪಾಯಿ ಎಂದೇ ಎಣಿಸುತ್ತಿರಲಿಲ್ಲ. ಠಸ್ಸೆ ಬಿದ್ದವು ಇಲ್ಲವೇ ಎಂದೆ. ಅವರಿಗೆ ಬೇಸರವಾಯಿತು. ಮೇಜಿನ ಕೆಳಗಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಎಳೆದು, ಇವೆಲ್ಲ ದಾಗಿ ಮಾಲು, ಕಲೆ ಬಿದ್ದವು, ಹಿಂದೆ ಇಲ್ಲಿನ ಪೋದ್ದಾರರು ಗುದ್ದಿ ಗುದ್ದಿ ಹಾಳುಮಾಡಿದವು, ಸಂಗ್ರಹಕಾರರು ಮೂಸುವುದಿಲ್ಲ, ಬೆಳ್ಳಿಯ ತೂಕಕ್ಕೆ ಕೊಡುತ್ತೇನೆ ಎಂದರು. ಪೋದ್ದಾರ ಎಂದರೆ ಇಲ್ಲಿನ ಚಿನಿವಾರ. ನಮ್ಮವರನ್ನೇ ಬೈದಂತಾಗಿ ನನಗೆ ಸಿಟ್ಟು ಬಂತು, ಬೆಲೆ ಕಡಿಮೆ ಎಂದು ತಿಳಿದು ಇಳಿಯಿತು.

ಡಬ್ಬಿಯೊಳಗೆ ಕೈಯಾಡಿಸಿ ಒಂದನ್ನು ಎತ್ತಿಕೊಂಡೆ. ದಿಲ್ಲಿ ಬಾದಶಹನ ಹೆಸರಿನ ಪಾರಸಿ ಅಕ್ಷರಗಳು. ಇದನ್ನು ಕೋಲ್ಕತ್ತದಲ್ಲೇ ಅಚ್ಚು ಹಾಕಿದರೂ ಮುರ್ಷಿದಾಬಾದ್ ಎಂದು ಬರೆದರಂತೆ. ಇಸವಿ ಎಷ್ಟೋ ವರ್ಷಗಳ ಕಾಲ ಬದಲಾಗದೆ ಬಾದಶಹನ ಆಳ್ವಿಕೆಯ ಹತ್ತೊಂಬತ್ತನೇ ವರ್ಷವೇ ಆಗಿ ಉಳಿಯಿತಂತೆ, ಹಳೆಯ ರೂಪಾಯಿ ಎಂದು ಪೋದ್ದಾರರು ವಟ್ಟ ಹಿಡಿದು ಬೆಲೆ ಇಳಿಸಬಾರದೆಂದು. ಕಾಲವನ್ನೇ ನಿಲ್ಲಿಸಿದರೂ ಪೋದ್ದಾರರ ಕೈ ನಿಂತಿರಲಿಲ್ಲ. ಒಂದು ಅಂಚಿಗೆ ಸೂರ್ಯ, ಇನ್ನೊಂದು ಕಡೆ ಬೋರೆಹಣ್ಣಿನ ಬೀಜದಂಥ ಗುಳಿ, ನಡುವೆ ಮೂರು ಚುಕ್ಕಿ. ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಸೂರ್ಯ ಒತ್ತಿದವನು ಬೆಳಿಗ್ಗೆ ಅಂಗಡಿ ತೆರೆದು ಗಂಗಾಜಲ ಚಿಮುಕಿಸಿ ಕೂತಿರಬೇಕು, ಚುಕ್ಕಿ ಒತ್ತಿದವನಿಗೆ ಕಣ್ಣು ಮಂಜಾಗಿರಬೇಕು, ಅದಕ್ಕೇ ಮೂರನೆಯದು ಸಾಲು ತಪ್ಪಿದೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಕೊಟ್ಟ ಮಾತು ಮಾತ್ರ ಇನ್ನೂ ಕೈಗೆ ತಾಕುತ್ತಿತ್ತು. ಕೊನೆಗೆ ನಾದ ಕೇಳೋಣವೆಂದು ಅದನ್ನು ಹೆಬ್ಬೆರಳಿನಿಂದ ಕಿಟಕಿಯ ಕಲ್ಲಿಗೆ ಚಿಮ್ಮಿದೆ. ದತ್ತ ಬಾಬು ಎದೆ ಹಿಡಿದುಕೊಂಡರು. ನಾಣ್ಯ ದೇವಸ್ಥಾನದ ಸಣ್ಣ ಗಂಟೆಯ ಹಾಗೆ ದನಿ ಮಾಡಿತು. ಇದೇ ಇರಲಿ ಎಂದೆ.

ಅಲ್ಲಿಂದ ಘಾಟಿಗೆ ನಡೆದು ಹೌರಾಕ್ಕೆ ದೋಣಿ ಹತ್ತಿದೆವು. ಟಿಕೆಟ್ಟು ಒಂದು ಚಹಾದ ಬೆಲೆಗಿಂತ ಕಡಿಮೆ. ಮಂಜು ಹರಿದು ಬಿಸಿಲು ಬಿದ್ದಿತ್ತು, ನೀರಿನ ಮೇಲೆ ಚೆಂಡುಹೂವಿನ ಹಾರಗಳು ತೇಲಿ ಬರುತ್ತಿದ್ದವು. ಮೇಲ್ಗಡೆಯ ದಂಡೆಯಲ್ಲಿ ಹಳೆಯ ಟಂಕಸಾಲೆ ಪಾಳು ಬಿದ್ದಿದೆ ಎಂದು ಮೇಘಾ ಕೈ ತೋರಿಸಿದಳು, ಬರೀ ಮರಗಳು ಕಂಡವು. ಆಮೇಲೆ ರೂಪಾಯಿಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತ ಮೆಲ್ಲಗೆ ಕೇಳಿದಳು:

"ದೊಡ್ಡವ್ವ, ಇದು ಯೂಸ್ ಮಾಡೋ ಟೈಮ್ ಬರಬಾರದು ಅಂತ ಎಲ್ಲರೂ ಪ್ರೇ ಮಾಡ್ತೀರಿ. ಫಿರ್ ಯಾಕೆ ಕೊಡ್ತೀರಿ?"

"ಛತ್ರಿ ಒಯ್ದ ದಿನ ಮಳಿ ಬರೂದಿಲ್ಲ ನೋಡು, ಅದಕ್ಕ" ಎಂದೆ.

ಅವಳು ನಕ್ಕಳು. ಹುಡುಗ ಅನಿಂದ್ಯ ಒಳ್ಳೆಯವನೇ, ಆದರೆ ಅವರ ಮನೆಯಲ್ಲಿ ಹನ್ನೊಂದು ಜನ, ಒಮ್ಮೊಮ್ಮೆ ಹೆದರಿಕೆಯಾಗುತ್ತದೆ, ಅಮ್ಮನಿಗೆ ಹೇಳಬೇಡಿ ಎಂದಳು. ಗದಗದ ಮನೆ ಇಲ್ಲವಲ್ಲ, ಹಾಗಾದರೆ ನಾನು ಎಲ್ಲಿಗೆ ಹೋಗಬೇಕು ಎಂದೂ ಕೇಳಿದಳು. ನನ್ನ ಎರಡು ಕೋಣೆ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ದೋಣಿ ದಡಕ್ಕೆ ಬಡಿಯಿತು. ಹಿಂತಿರುಗುವಾಗ ನದಿಯ ಅಡಿಯಿಂದ ಹೋಗುವ ಮೆಟ್ರೊದಲ್ಲಿ ಬಂದೆವು. ನದಿಯ ಕೆಳಗೆ ಸುರಂಗದ ಗೋಡೆಗೆ ನೀಲಿ ದೀಪಗಳು, ಬೋಗಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕಿಟಕಿ ನೋಡಿದರು. ಸ್ವಲ್ಪ ಮೊದಲು ತೇಲಿದ್ದ ನೀರು ಈಗ ನಮ್ಮ ತಲೆಯ ಮೇಲೆ ಹರಿಯುತ್ತಿದೆ ಎಂದು ನೆನೆದು ಬೋಗಿಯ ಛಾವಣಿಯತ್ತ ಕತ್ತೆತ್ತಿ ನೋಡಿದೆ.

ಗುರುವಾರ ಬಂತು. ಬಂಗಾಳದಲ್ಲಿ ಅದು ಲಕ್ಷ್ಮಿಯ ವಾರ. ಬೆಳಿಗ್ಗೆಯೇ ಮೆಟ್ಟಿಲುಗಳ ಮೇಲೆ ಅಕ್ಕಿಹಿಟ್ಟಿನ ಪಾದಗಳು, ಮನೆಮನೆಯಿಂದ ಶಂಖದ ದನಿ. ಶಾಂತಾ ಸ್ನಾನ ಮಾಡಿ ಬಂದು, ಇವತ್ತು ಬೆನ್ನು ನೋವು, ಪೂಜೆ ಚಿಕ್ಕದಾಗಿ ಮಾಡುತ್ತೇನೆ ಎಂದು ನನಗೆ ಕೇಳುವಂತೆ ಹೇಳಿದಳು. ಇದು ನೆಪ ಎಂದು ಮೇಘಾಳಿಗೆ ಹೊಳೆಯಲಿಲ್ಲ. ಅವಳು ಎಂದಿನಂತೆ ದೇವರ ಮೂಲೆಯ ಪುಟ್ಟ ಬೆತ್ತದ ಬುಟ್ಟಿಯನ್ನು ತೆರೆದು, ಕವಡೆಗಳ ನಡುವಿನಿಂದ ಏನನ್ನೋ ತೆಗೆದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಲು ಕೂತಳು. ಚಿಕ್ಕಂದಿನಿಂದ ಪ್ರತಿ ಗುರುವಾರ ಅದು ಅವಳ ಕೆಲಸವಂತೆ. ತೊಳೆದು ನನ್ನ ಕೈಗೆ ಕೊಟ್ಟಳು. ಬೆಳ್ಳಿಯ ರೂಪಾಯಿ. ಅಕ್ಷರವಿಲ್ಲ, ಹೂವಿಲ್ಲ, ಹುಣ್ಣಿಮೆಯ ಚಂದ್ರನ ಹಾಗೆ ನುಣ್ಣಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಕಡೆ ಎಸಳಿನಂಥ ಒಂದೇ ಒಂದು ನೆರಳು ಕಂಡಿತು.

ನಮ್ಮ ಮನೆಯಲ್ಲಿ ಠಸ್ಸೆ ರೂಪಾಯಿಯನ್ನು ಬೆಳಗುವಂತಿಲ್ಲ. ಎಷ್ಟು ಕಪ್ಪಾದರೂ ಹಾಗೇ ಇಡಬೇಕು. ಇದು ಶಾಂತಾಳಿಗೆ ಗೊತ್ತಿತ್ತು. ಆದರೆ ಇಲ್ಲಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯ ಯಜಮಾನತಿ, ಲಕ್ಷ್ಮಿಯ ಬುಟ್ಟಿಯಲ್ಲಿ ತವರಿನ ಬೆಳ್ಳಿ ಇಡು, ಗುರುವಾರ ಗುರುವಾರ ಬೆಳಗು ಎಂದಳಂತೆ. ಭಾಷೆ ಬಾರದ ಊರಿನಲ್ಲಿ ಮೊದಲು ಪ್ರೀತಿಯಿಂದ ಮಾತಾಡಿಸಿದವಳು ಅವಳು. ಇಲ್ಲ ಎನ್ನಲಾಗಲಿಲ್ಲ. ಹಾಗೆ ಬೆಳಗುತ್ತ ಬಂದಳು.

ಶಾಂತಾ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮೇಘಾ ಚಿಕ್ಕವಳಿದ್ದಾಗ ಒಮ್ಮೆ ಗಂಡನ ಜೊತೆ ಜಗಳವಾಡಿ, ರೂಪಾಯಿ ಹಿಡಿದುಕೊಂಡು ಮಗುವಿನ ಜೊತೆ ಹೌರಾ ಸ್ಟೇಷನ್ನಿನ ತನಕ ಹೋಗಿದ್ದಳಂತೆ. ಬೆಂಚಿನ ಮೇಲೆ ಕೂತು ರೂಪಾಯಿ ತೆಗೆದು ನೋಡಿದಳಂತೆ. ಹೂವು ಆಗಲೇ ಮಾಸಿತ್ತು. ರೈಲು ಹೊರಡುವುದನ್ನು ನೋಡಿ, ಮಗುವಿಗೆ ಪೂರಿ ತಿನ್ನಿಸಿ ಮನೆಗೆ ಬಂದಳು. ಗಂಡ ಸೊಳ್ಳೆ ಬತ್ತಿ ಎಲ್ಲಿಟ್ಟಿದ್ದೀ ಎಂದು ಕೇಳಿದರಂತೆ, ಹೋಗಿದ್ದೇ ಅವರಿಗೆ ಗೊತ್ತಾಗಲಿಲ್ಲ. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

"ಬೆಳಗಿ ಬೆಳಗಿ ನಾನ ಸವಿಸಿಬಿಟ್ಟೆ ಅಕ್ಕಾ. ಅವತ್ತ ಇದನ್ನ ಹಿಡಕೊಂಡ ಬಂದಿದ್ರ ನೀವು ಗುರತ ಹಿಡೀತಿದ್ರೇನು?"

"ರೂಪಾಯಿ ನೋಡಿ ನಿನ್ನ ಗುರತ ಹಿಡೀಬೇಕಾಗಿತ್ತೇನ, ಹುಚ್ಚಿ?" ಎಂದೆ. ಆ ಬೆಂಚನ್ನು ನೆನೆದು ನನಗೆ ಅಳು ತಡೆಯಲಾಗಲಿಲ್ಲ. ಮೇಘಾ ಬೂದಿ ಕೈಯಲ್ಲೇ ನಮ್ಮಿಬ್ಬರ ಬೆನ್ನು ಸವರಿದಳು. ಕೆಳಗೆ ಯಾರದೋ ಮನೆಯಲ್ಲಿ ಶಂಖ ಊದುತ್ತಿದ್ದರು.

ಮರುದಿನ ಮಧ್ಯಾಹ್ನ ಠಸ್ಸೆ ಹೊಡೆಯಲು ಕೂತೆವು. ಶಾಂತಾಳ ಮಸಾಲೆ ಅರೆಯುವ ಕಲ್ಲೇ ಅಡಿಗಲ್ಲು, ಅದರ ಕೆಳಗೆ ಮಡಚಿದ ಗೋಣಿ. ಹೊಸ ರೂಪಾಯಿಯನ್ನು ಇಟ್ಟು, ಸೂರ್ಯನಿಗೂ ಚುಕ್ಕಿಗಳಿಗೂ ನಡುವಿನ ಬಯಲಿನಲ್ಲಿ ಉಳಿ ನಿಲ್ಲಿಸಿದೆ. ಒಂದೇ ಏಟು ಹೊಡೆಯಬೇಕು, ಎರಡನೆಯದು ಬಿದ್ದರೆ ಹೂವು ಕೆಡುತ್ತದೆ. ಸುತ್ತಿಗೆ ಎತ್ತಿದವಳು ಹಾಗೇ ಕೂತೆ. ದೋಣಿಯಲ್ಲಿ ಮೇಘಾ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲಿರಲಿಲ್ಲ. ಈ ಹುಡುಗಿ ಎಂದಾದರೂ ಹೊರಟರೆ ಎರಡು ಹಗಲು ರೈಲಿನಲ್ಲಿ ಕೂತು ಮುಳಗುಂದ ನಾಕಾಕ್ಕೆ ಬರುವುದಿಲ್ಲ. ಇಲ್ಲಿಗೆ ಬರುತ್ತಾಳೆ, ಈ ಹಸಿರು ಕಿಟಕಿಯ ಮನೆಗೆ. ಊರಿನಿಂದ ಇಷ್ಟು ದೂರ ಹಟ ಹೊತ್ತುಕೊಂಡು ಬಂದವಳಿಗೆ ಇಷ್ಟು ಸುಲಭದ ವಿಷಯ ಹೊಳೆದಿರಲಿಲ್ಲ. ಸುತ್ತಿಗೆಯನ್ನು ಶಾಂತಾಳ ಕೈಗೆ ಕೊಟ್ಟೆ.

"ನನಗ ಬರಂಗಿಲ್ಲ ಅಕ್ಕಾ" ಎಂದಳು.

"ಬಾಗಲಾ ತಗಿಯಾಕಿ ನೀನು. ಹೊಡಿ."

ಅವಳು ಮೊದಲು ಸಾಬೂನಿನ ಮೇಲೆ ಹೊಡೆದು ಕಲಿತಳು. ಸ್ನಾನದ ಸಾಬೂನಿನ ತುಂಬ ಹೂ ಅರಳಿದವು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಒಂದೇ ಏಟು ಹೊಡೆದಳು. ಹೂವು ಸ್ವಲ್ಪ ವಾರೆಯಾಗಿ, ಆದರೆ ಐದೂ ಎಸಳಾಗಿ ಮೂಡಿತು. ಮೇಘಾ ಅದರ ಮೇಲೆ ಬೆರಳಾಡಿಸುತ್ತಿದ್ದ ಹಾಗೇ ಫೋನು ಬಂತು. ಕೆಳಗಿನ ಫ್ಲಾಟಿನ ಹಿರಿಯರು, ಮನೆ ರಿಪೇರಿಯೇನಾದರೂ ಶುರುವಾಗಿದೆಯೇ ಎಂದು ಕೇಳಿದರು. ಈ ಊರಿನಲ್ಲಿ ಮಧ್ಯಾಹ್ನದ ನಿದ್ದೆಗಿಂತ ದೊಡ್ಡ ದೇವರಿಲ್ಲ. ಶಾಂತಾ ಹತ್ತು ಸಲ ಕ್ಷಮೆ ಕೇಳಿದಳು.

ಇನ್ನೆರಡು ದಿನ ಸುಮ್ಮನೆ ಕಳೆದವು. ಒಂದೆರಡು ದಾರಿಗಳಲ್ಲಿ ಮಾತ್ರ ಉಳಿದಿರುವ ಟ್ರಾಮಿನಲ್ಲಿ ಕೂತು ತೂಕಡಿಸಿದೆ, ಮಲ್ಲಿಗೆ ಬದಲು ರಜನೀಗಂಧ ಮುಡಿದೆ, ಮೀನಿನ ವಾಸನೆಗೆ ಮೂಗು ಮುಚ್ಚುವುದನ್ನು ಬಿಟ್ಟೆ. ಹೊರಡುವ ದಿನ ಸ್ನಾನಕ್ಕೆ ಹೋಗಿದ್ದಾಗ ಧಡ್ ಎಂದು ಇನ್ನೊಂದು ಸದ್ದು ಕೇಳಿಸಿತು, ಹಿಂದೆಯೇ ಕೆಳಗಿನವರ ಫೋನು. ಏನೇ ಅದು ಎಂದರೆ, ಪ್ರಯಾಣಕ್ಕೆ ತೆಂಗಿನಕಾಯಿ ಒಡೆದೆ ಎಂದಳು ಶಾಂತಾ. ನಾನು ನಂಬಿದೆ.

ಶಾಲಿಮಾರಿನಲ್ಲಿ ರೈಲು ಹೊರಡಲು ಸಿದ್ಧವಾಗಿತ್ತು. ಠಸ್ಸೆ ಉಳಿಯನ್ನು ಶಾಂತಾಳಲ್ಲೇ ಬಿಟ್ಟಿದ್ದೆ, ಚೀಲ ಹಗುರವಾಗಿತ್ತು. ಫಾಲ್ಗುಣದಲ್ಲಿ ಮದುವೆಗೆ ಬರುತ್ತೇನಲ್ಲ, ಅಳಬೇಡ ಎಂದೆ. ಅವಳು ಅಳುತ್ತಿರಲಿಲ್ಲ. ನನ್ನ ಕೈ ಎಳೆದುಕೊಂಡು ಅಂಗೈಯಲ್ಲಿ ಏನನ್ನೋ ಇಟ್ಟು ಬೆರಳು ಮಡಚಿದಳು. ಬಿಡಿಸಿ ನೋಡಿದೆ. ಅವಳ ಸವೆದ ರೂಪಾಯಿ. ಅವ್ವನ ಹೂವಿನ ನೆರಳಿದ್ದ ಜಾಗದ ಪಕ್ಕದಲ್ಲೇ ಹೊಸ ಹೂವು, ಒಂದು ಎಸಳು ಸರಿಯಾಗಿ ಮೂಡಿರಲಿಲ್ಲ.

ಇದು ಕೋಲ್ಕತ್ತದ ರೂಪಾಯಿ, ನಾನು ಹೋಗುವುದು ಗದಗಕ್ಕೆ, ನಿಯಮ ತಪ್ಪಿತಲ್ಲ ಎಂದೆ. ಇಂಥ ಹೊತ್ತಿನಲ್ಲಿ ನನಗೆ ನಿಯಮಗಳೇ ನೆನಪಾಗುತ್ತವೆ. ಅಪ್ಪ ಇದನ್ನು ಹುಡುಕಿ ತಂದದ್ದು ಗದಗದ ಸರಾಫ ಬಜಾರದಲ್ಲೇ, ಗದಗದ್ದೂ ಆಯಿತು ಎಂದಳು ಶಾಂತಾ.

"ಮತ್ತ ನಿನಗ?" ಎಂದು ಕೇಳಿದೆ.

"ನನಗ್ಯಾಕ ಅಕ್ಕಾ? ಈಗ ಬಾಗಲಾ ತಗಿಯಾಕಿನ ನಾನು."

ರೈಲು ಚಲಿಸಿತು. ಶಾಂತಾ ಕೈ ಬೀಸುತ್ತ ಸ್ವಲ್ಪ ದೂರ ನಡೆದಳು, ಅವಳ ಹಿಂದೆ ಮೇಘಾ, ಆಮೇಲೆ ಕೊಳಗಳು, ಬಾಳೆತೋಟಗಳು, ಸಂಜೆಯ ಹೊಗೆ. ದಾರಿಯುದ್ದಕ್ಕೂ ರೂಪಾಯಿ ನನ್ನ ಮುಷ್ಟಿಯಲ್ಲೇ ಇತ್ತು. ಆಂಧ್ರದ ಬಿಸಿಲಿಗೆ ಅದು ಬೆಚ್ಚಗಾಗುತ್ತಿತ್ತು, ರಾತ್ರಿ ತಣ್ಣಗಾಗುತ್ತಿತ್ತು. ಅಂಚಿನಲ್ಲಿ ಆಗಲೇ ಸ್ವಲ್ಪ ಕಪ್ಪು ಹಿಡಿಯಲು ಶುರುವಾಗಿತ್ತು. ಹಾಗೇ ಇರಲಿ ಎಂದು ಬಿಟ್ಟೆ.

ಗದಗಿನಲ್ಲಿ ಇಳಿದು ಆಟೋ ಹತ್ತಿದೆ. ಡ್ರೈವರು ಸೂಟ್‌ಕೇಸು ಎತ್ತಿಡುತ್ತ, "ಎಲ್ಲಿಗಿ ಹೋಗಿದ್ರಿ ಅಕ್ಕಾರ?" ಎಂದು ಕೇಳಿದ.

"ತವರಮನಿಗೆ ಹೋಗಿದ್ದೆ" ಎಂದೆ.